ಕೇಪ್ ವರ್ಡ್ ಜನಗಣತಿ: ಪೋರ್ಚುಗೀಸ್ ಬಲ್ಲವರ ಸಹಾಯ ಬೇಕು

ನಮಸ್ಕಾರ. ಪಶ್ಚಿಮ ಆಫ್ರಿಕಾದ ದ್ವೀಪರಾಷ್ಟ್ರ ಕೇಪ್ ವರ್ಡ್‌ನ ಜನಸಂಖ್ಯೆಯ ಬಗ್ಗೆ ಎಂ.ಎ. ಪ್ರಬಂಧ ಬರೆಯುತ್ತಿದ್ದೇನೆ. 2000ದ ಗಣತಿಯಲ್ಲಿ ಸುಮಾರು 4.35 ಲಕ್ಷವಿದ್ದ ಸಂಖ್ಯೆ 2010ಕ್ಕೆ 4.92 ಲಕ್ಷವಾಯಿತು. 2021ರಲ್ಲೂ ಹೆಚ್ಚುಕಡಿಮೆ ಅಷ್ಟೇ! ಜನನ ಪ್ರಮಾಣ ಇಳಿದಿದೆ, ಯುವಜನರು ಪೋರ್ಚುಗಲ್, ಅಮೆರಿಕಕ್ಕೆ ವಲಸೆ ಹೋಗುತ್ತಾರೆ, ಅಲ್ಲಿಯವರೆಗೆ ಸರಿ. ಆದರೆ ಪ್ರವಾಸಿಗರನ್ನು ಸೆಳೆಯುವ ಸಾಲ್, ಬೋವಾ ವಿಸ್ತಾ ದ್ವೀಪಗಳು ತುಂಬುತ್ತಿವೆ, ಬೇಸಾಯದ ಸಾಂತು ಅಂತಾವ್ ಬರಿದಾಗುತ್ತಿದೆ. ದೇಶದ ಒಟ್ಟು ಅಂಕಿಯಲ್ಲಿ ಇದ್ಯಾವುದೂ ಕಾಣುವುದಿಲ್ಲ.

ವಿಶ್ವಸಂಸ್ಥೆಯ 2019ರ ಅಂದಾಜಾದರೋ 2020ಕ್ಕೆ ಸುಮಾರು 5.56 ಲಕ್ಷ ಎಂದಿತ್ತು. ನನ್ನ ಒಲವು ಗಣತಿಯ ಕಡೆಗೇ; ಜನಸಂಖ್ಯಾಶಾಸ್ತ್ರ ಓದಿದವರು ಏನೆನ್ನುತ್ತೀರಿ? ದ್ವೀಪವಾರು ವಯಸ್ಸಿನ ಕೋಷ್ಟಕಗಳು ಪೋರ್ಚುಗೀಸ್‌ನಲ್ಲಿವೆ. ಆ ಭಾಷೆ ಬಲ್ಲವರು ಶೀರ್ಷಿಕೆಗಳನ್ನಷ್ಟೇ ಕನ್ನಡಕ್ಕೆ ತಂದುಕೊಟ್ಟರೂ ಸಾಕು, ಲೆಕ್ಕ ನಾನು ಮಾಡಿಕೊಳ್ಳುತ್ತೇನೆ.