8 ವಾರದ ಮಗು: ಟಿಎಂಎಸ್‌ನಲ್ಲಿ ಸಿ3 ಜಾಸ್ತಿ, ಮೂತ್ರದಲ್ಲಿ ಮೀಥೈಲ್‌ಮಲೋನಿಕ್ ಆಸಿಡ್. ಎದೆಹಾಲು ನಿಲ್ಲಿಸಬೇಕಾ?

ಶಿವಮೊಗ್ಗ_ಅಮ್ಮ
ಮಗಳಿಗೆ 8 ವಾರ, ತೂಕ 4.3 ಕೆಜಿ, ಬರೀ ಎದೆಹಾಲು. ಚೆನ್ನಾಗಿ ಕುಡೀತಾಳೆ, ವಾಂತಿ ಇಲ್ಲ. ಟಿಎಂಎಸ್ (ಹುಟ್ಟಿನಿಂದ ಬರುವ ಚಯಾಪಚಯ ದೋಷ ಹುಡುಕುವ ರಕ್ತಪರೀಕ್ಷೆ) ರಿಪೋರ್ಟ್: ಸಿ3 7.9 (5.0ರೊಳಗಿರಬೇಕು), ಸಿ3/ಸಿ2 0.31 (0.20ರೊಳಗೆ), ಮೆಥಿಯೋನಿನ್ 9 (ಕನಿಷ್ಠ 10). ಮೂತ್ರದ ಜಿಸಿಎಂಎಸ್ ಪರೀಕ್ಷೆಯಲ್ಲಿ ಮೀಥೈಲ್‌ಮಲೋನಿಕ್ ಆಸಿಡ್ "ಸಾಧಾರಣ ಏರಿಕೆ", ಮೀಥೈಲ್‌ಸಿಟ್ರಿಕ್ "ಅಲ್ಪ ಏರಿಕೆ". ಅಮೋನಿಯಾ 78, 50 ದಾಟಬಾರದು ಅಂತ ಎಲ್ಲೋ ಓದಿದೆ. ಕೊನೆಗೆ "ಮೀಥೈಲ್‌ಮಲೋನಿಕ್ ಅಸಿಡೀಮಿಯಾ ಸಾಧ್ಯತೆ" ಅಂತ ಬರೆದಿದ್ದಾರೆ. ನಾನು ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಬಸುರಿಯಲ್ಲಿ ಕಬ್ಬಿಣದ ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ಎದೆಹಾಲು ಬಿಡಿಸಿ ಹಸುವಿನ ಹಾಲು ಕೊಡು ಅಂತ ಮನೆಯಲ್ಲಿ ಹೇಳ್ತಿದ್ದಾರೆ. ಜೆನೆಟಿಕ್ಸ್ ಅಪಾಯಿಂಟ್‌ಮೆಂಟ್‌ಗೆ ಇನ್ನೂ 10 ದಿನ ಇದೆ.

ಮಕ್ಕಳ_ವೈದ್ಯ
ಎದೆಹಾಲು ನಿಲ್ಲಿಸಬೇಡಿ. 100 ಮಿಲೀ ಎದೆಹಾಲಲ್ಲಿ ಪ್ರೋಟೀನ್ ಸುಮಾರು 1 ಗ್ರಾಂ, ಹಸುವಿನ ಹಾಲಲ್ಲಿ 3 ಗ್ರಾಂಗೂ ಮೇಲೆ. ನಿಜಕ್ಕೂ ಅಸಿಡೀಮಿಯಾ (ಪ್ರೋಟೀನ್ ಸರಿಯಾಗಿ ಒಡೆಯದೆ ರಕ್ತದಲ್ಲಿ ಆಸಿಡ್ ಕಟ್ಟಿಕೊಳ್ಳುವ ಕಾಯಿಲೆ) ಇದ್ದರೆ ಮನೆಯವರ ಸಲಹೆಯಿಂದ ಪ್ರೋಟೀನ್ ಹೊರೆ ಮೂರು ಪಟ್ಟಾಗುತ್ತೆ.

ಈ ರಿಪೋರ್ಟಿನಲ್ಲಿ ಎಲ್ಲರ ಕಣ್ಣೂ ಸಿ3 ಮೇಲೆ ಬೀಳುತ್ತೆ. ನಾನು ಮೊದಲು ನೋಡೋದು ಮೆಥಿಯೋನಿನ್ (ಒಂದು ಅಮೈನೋ ಆಸಿಡ್) 9. ಸಿ3 ಏರುವುದು ಪ್ರೋಟೀನ್ ಒಡೆದಾಗ ಬರುವ ಪ್ರೊಪಿಯೋನಿಲ್ ಮುಂದೆ ಸಾಗದೆ ಕಟ್ಟಿಕೊಂಡಾಗ. ಅದು ಮೀಥೈಲ್‌ಮಲೋನಿಲ್ ಆದ ಮೇಲೆ ಮುಂದೆ ಸಾಗಿಸುವ ಮ್ಯೂಟೇಸ್ ಕಿಣ್ವಕ್ಕೆ ಬಿ12 ಬೇಕು. ಹೋಮೋಸಿಸ್ಟೀನನ್ನು ಮೆಥಿಯೋನಿನ್ ಮಾಡುವ ಇನ್ನೊಂದು ಕಿಣ್ವಕ್ಕೂ ಬಿ12 ಬೇಕು. ಮ್ಯೂಟೇಸ್ ಒಂದೇ ಕೆಟ್ಟಿದ್ದರೆ ಮೆಥಿಯೋನಿನ್ ಇಳಿಯಬೇಕಾಗಿಲ್ಲ. ಎರಡೂ ಕಡೆ ಪೆಟ್ಟು ಬಿದ್ದಿದ್ದರೆ ಉಳಿಯುವ ಮುಖ್ಯ ಸಾಧ್ಯತೆ ಎರಡು: ತಾಯಿಯಿಂದಲೇ ಬಂದ ಬಿ12 ಕೊರತೆ, ಇಲ್ಲವೇ ಬಿ12ನ್ನು ಜೀವಕೋಶದೊಳಗೆ ಬಳಸಲಾಗದ ಕೋಬಾಲಮಿನ್ ಸಿ ಥರದ ಹುಟ್ಟು ದೋಷ (ಕೋಬಾಲಮಿನ್ ಅಂದರೆ ಬಿ12). ಮಾಂಸ, ಮೊಟ್ಟೆ ಇಲ್ಲದ ನಿಮ್ಮ ಊಟದಲ್ಲಿ ಬಿ12 ಕಡಿಮೆ, ಹಾಗಾಗಿ ಮೊದಲನೆಯದರ ಸಾಧ್ಯತೆಯೇ ಹೆಚ್ಚು. ಹಾಗಂತ ಎರಡನೆಯದನ್ನು ಪರೀಕ್ಷೆಯಿಲ್ಲದೆ ತಳ್ಳಿಹಾಕುವಂತಿಲ್ಲ.

ಮಗುವಿಗೂ ನಿಮಗೂ ಒಟ್ಟಿಗೆ ಬಿ12, ಹೋಮೋಸಿಸ್ಟೀನ್ ಮಾಡಿಸಿ. ಮಗುವಿಗೆ ಸಿಬಿಸಿ (ರಕ್ತಕಣಗಳ ಎಣಿಕೆ) ಸೇರಿಸಿ. ಇಬ್ಬರದೂ ಬಿ12 ಕಡಿಮೆ, ಹೋಮೋಸಿಸ್ಟೀನ್ ಹೆಚ್ಚು ಅಂದರೆ ಕೊರತೆ. ಮಗುವಿನ ಬಿ12 ಸರಿಯಿದ್ದು ಹೋಮೋಸಿಸ್ಟೀನ್ ಮಾತ್ರ ಬಹಳ ಹೆಚ್ಚಿದ್ದರೆ ಕೋಬಾಲಮಿನ್ ಸಿ ಗುಮಾನಿ, ಆಗ ಎಂಎಂಎಸಿಎಚ್‌ಸಿ ಜೀನ್ ನೋಡಬೇಕು. ಹೋಮೋಸಿಸ್ಟೀನ್ ಮಾಮೂಲಾಗಿ ಬಂದರೆ ಮ್ಯೂಟೇಸ್, ಕೋಬಾಲಮಿನ್ ಎ, ಬಿ ದೋಷಗಳ ಕಡೆ ತಿರುಗಬೇಕಾಗುತ್ತೆ. ಮೂತ್ರದಲ್ಲಿ ಮೀಥೈಲ್‌ಮಲೋನಿಕ್ ಇರುವುದರಿಂದ, ಅದಕ್ಕೂ ಮೊದಲಿನ ಹಂತದಲ್ಲೇ ದಾರಿ ಕಟ್ಟುವ ಪ್ರೊಪಿಯೋನಿಕ್ ಅಸಿಡೀಮಿಯಾವನ್ನು ಪಕ್ಕಕ್ಕಿಡಬಹುದು.

ಕಾಯದೆ ಕ್ಯಾಷುವಾಲ್ಟಿಗೆ ಓಡಬೇಕಾದ್ದು ಯಾವಾಗ ಅಂದರೆ: ಎರಡು ಸಲ ಸಾಲಾಗಿ ಹಾಲು ಬೇಡ ಅಂದರೆ, ವಾಂತಿ ನಿಲ್ಲದಿದ್ದರೆ, ಎಬ್ಬಿಸಿದರೂ ಏಳದಷ್ಟು ಮಂಕಾದರೆ, ಉಸಿರು ಜೋರಾದರೆ. ಅಲ್ಲಿ ಸಕ್ಕರೆ, ಬ್ಲಡ್ ಗ್ಯಾಸ್, ಅಮೋನಿಯಾ, ಕೀಟೋನ್ ತಕ್ಷಣ ನೋಡಿ ಡೆಕ್ಸ್‌ಟ್ರೋಸ್ ಡ್ರಿಪ್ ಶುರು ಮಾಡಬೇಕು. ಟಿಎಂಎಸ್ ರಿಪೋರ್ಟಿನ ಝೆರಾಕ್ಸ್ ಮಗುವಿನ ಬ್ಯಾಗಿನಲ್ಲೇ ಇರಲಿ.

ಲ್ಯಾಬ್_ಬೆಂಚು
ಅಮೋನಿಯಾ 78ರ ಪಕ್ಕದ ಯೂನಿಟ್ ನೋಡಿ. ಡೆಸಿಲೀಟರಿಗೆ ಮೈಕ್ರೋಗ್ರಾಂ ಅಂತಿದ್ದರೆ 1.7ರಿಂದ ಭಾಗಿಸಿ, ಲೀಟರಿಗೆ ಸುಮಾರು 46 ಮೈಕ್ರೋಮೋಲ್ ಆಗುತ್ತೆ, ಅಂದರೆ ನೀವು ಓದಿದ 50ರೊಳಗೇ. ಆ 50 ಮೈಕ್ರೋಮೋಲ್ ಲೆಕ್ಕದ್ದು. ಯೂನಿಟ್ ಮೈಕ್ರೋಮೋಲೇ ಆಗಿದ್ದರೂ ರಕ್ತ ತೆಗೆದ ರೀತಿ ವಿಚಾರಿಸಿ. ಟೂರ್ನಿಕೆಟ್ (ತೋಳಿಗೆ ಕಟ್ಟುವ ಪಟ್ಟಿ) ಬಿಗಿದು, ಅಳುವ ಮಗುವಿನ ಕೈ ಹಿಂಡಿ ತೆಗೆದಿದ್ದರೆ, ಟ್ಯೂಬನ್ನು ಐಸ್‌ನಲ್ಲಿಡದೆ ಅರ್ಧ ಗಂಟೆ ಹೊರಗೆ ಬಿಟ್ಟಿದ್ದರೆ ಅಮೋನಿಯಾ ಟ್ಯೂಬಿನೊಳಗೇ ಏರುತ್ತೆ.

ಹೋಮೋಸಿಸ್ಟೀನ್‌ದೂ ಇದೇ ಕಥೆ. ಕೆಂಪು ರಕ್ತಕಣಗಳು ಅದನ್ನು ಬಿಡುತ್ತಲೇ ಇರುತ್ತವೆ, ಗಂಟೆಗೆ ಸುಮಾರು ನೂರಕ್ಕೆ ಹತ್ತರಷ್ಟು ಏರಬಹುದು. ಇಡಿಟಿಎ ಟ್ಯೂಬ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವುದು), ಐಸ್, ಒಂದು ಗಂಟೆಯೊಳಗೆ ಪ್ಲಾಸ್ಮಾ ಬೇರ್ಪಡಿಸಬೇಕು. ಸಂಗ್ರಹ ಕೇಂದ್ರದಿಂದ ಸಂಜೆ ಬೈಕಿನಲ್ಲಿ ಹೋಗುವ ಸ್ಯಾಂಪಲ್ ಆದರೆ ಬೇಡ. ಸೆಂಟ್ರಿಫ್ಯೂಜ್ ಇರುವ ಲ್ಯಾಬಿಗೇ ಹೋಗಿ ಕೊಡಿ.

"ಸಾಧಾರಣ ಏರಿಕೆ" ಅನ್ನೋ ಮಾತಿಗೆ ಬೆಲೆ ಕಟ್ಟೋದು ಕಷ್ಟ. ಕ್ರಿಯಾಟಿನಿನ್‌ಗೆ ಹೋಲಿಸಿದ ಅಂಕಿ ಕೊಡಿ ಅಂತ ಲ್ಯಾಬಿಗೆ ಬರೆಯಿರಿ. ಮ್ಯೂಟೇಸ್ ಪೂರ್ತಿ ಇಲ್ಲದ ಮಕ್ಕಳಲ್ಲಿ ಅದು ಸಾವಿರಗಳಲ್ಲಿರುತ್ತೆ, ಬರೀ ಕೊರತೆಯಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಬಹಳ ಕೆಳಗೆ.

ಶಿವಮೊಗ್ಗ_ಅಮ್ಮ
ಯೂನಿಟ್ ಮೈಕ್ರೋಗ್ರಾಮೇ ಇದೆ ಸರ್. ನಮ್ಮ ಡಾಕ್ಟ್ರು ನಾಳೆಯೇ ಬಿ12 ಇಂಜೆಕ್ಷನ್ ಕೊಡೋಣ ಅಂತಾರೆ. ಕೊಡಿಸಲಾ, ರಿಪೋರ್ಟ್ ಬರೋವರೆಗೆ ಕಾಯಲಾ?

ಮಕ್ಕಳ_ವೈದ್ಯ
ಕಾಯಬೇಡಿ, ಆದರೆ ಮೊದಲು ರಕ್ತ, ಆಮೇಲೆ ಸೂಜಿ. ಒಂದು ಇಂಜೆಕ್ಷನ್ ಒಳಗೆ ಹೋದ ಮೇಲೆ ಮಗುವಿನ ಬಿ12 ಅಂಕಿಗೆ ಅರ್ಥವಿರಲ್ಲ. ನೀವೂ ಮಾತ್ರೆ ಶುರು ಮಾಡೋದು ನಿಮ್ಮ ಸ್ಯಾಂಪಲ್ ಕೊಟ್ಟ ಮೇಲೆಯೇ. ಕೋಬಾಲಮಿನ್ ಸಿ ತಳ್ಳಿಹಾಕುವವರೆಗೆ ಬಿ12ನ ಎರಡು ರೂಪಗಳಲ್ಲಿ ಹೈಡ್ರಾಕ್ಸೋಕೋಬಾಲಮಿನ್ ಸಿಕ್ಕರೆ ಅದೇ ಒಳ್ಳೇದು. ಆ ದೋಷದಲ್ಲಿ ಸಯನೋಕೋಬಾಲಮಿನ್ ಸರಿಯಾಗಿ ಕೆಲಸ ಮಾಡಲ್ಲ. ಎಷ್ಟು, ಎಷ್ಟು ದಿನ ಅನ್ನೋದನ್ನು ನಿಮ್ಮ ಡಾಕ್ಟರೇ ಹೇಳಲಿ.

ಪಥ್ಯ_ತಜ್ಞೆ
ಒಂದು ಮಾತು ಸೇರಿಸ್ತೀನಿ. ಬಸುರಿಯರಿಗೆ ಸರ್ಕಾರ ಕೊಡುವ ಮಾತ್ರೆಯಲ್ಲಿರೋದು 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ಬಿ12 ಇಲ್ಲ. ಫೋಲಿಕ್ ಆಸಿಡ್ ರಕ್ತಹೀನತೆಯನ್ನು ಸರಿ ಮಾಡಿಬಿಡಬಹುದು, ನರಗಳಿಗೆ ಆಗುವ ಹಾನಿ ಮಾತ್ರ ಸದ್ದಿಲ್ಲದೆ ಮುಂದುವರಿಯುತ್ತೆ. ಹಾಗಾಗಿ ನಿಮ್ಮ ಹಿಮೋಗ್ಲೋಬಿನ್ 12 ಇದೆ ಅಂತ ಯಾರಾದರೂ ಸಮಾಧಾನ ಹೇಳಿದರೆ ಒಪ್ಪಬೇಡಿ. ಈಗ ಹಾಲು ಮೊಸರು ಹೆಚ್ಚಿಸಿದರೆ ಕೊರತೆ ತುಂಬಲ್ಲ. ನಿಮಗೂ ಔಷಧಿಯ ಪ್ರಮಾಣದಲ್ಲೇ ಬಿ12 ಬೇಕು, ಇಲ್ಲದಿದ್ದರೆ ಹಾಲಿನಲ್ಲೂ ಬರಲ್ಲ. ಪ್ರೋಟೀನ್ ಕಡಿತ, ವಿಶೇಷ ಫಾರ್ಮುಲಾ ಯಾವುದೂ ಸದ್ಯಕ್ಕೆ ಬೇಡ. ಎಂಎಂಎ (ಮೀಥೈಲ್‌ಮಲೋನಿಕ್ ಅಸಿಡೀಮಿಯಾ) ಮಕ್ಕಳ ಡಬ್ಬಿಯ ಫಾರ್ಮುಲಾದಲ್ಲಿ ಮೆಥಿಯೋನಿನ್ನೇ ಇರಲ್ಲ, ನಿಮ್ಮ ಮಗುವಿಗೆ ಅದು ಈಗಲೇ ಕಡಿಮೆ.

ಮಕ್ಕಳ_ವೈದ್ಯ
ಫಾರ್ಮುಲಾ ವಿಷಯ ಹೇಳಿದ್ದು ಒಳ್ಳೇದಾಯ್ತು, ಎಂಎಂಎ ಅಂತ ಕೇಳಿದ ಕೂಡಲೇ ಅದನ್ನೇ ಬರೆದುಬಿಡುವುದುಂಟು.

3–4 ವಾರಕ್ಕೆ ಟಿಎಂಎಸ್, ಮೂತ್ರ, ಹೋಮೋಸಿಸ್ಟೀನ್ ಮತ್ತೆ ಮಾಡಿಸಿ, ಅದೇ ಲ್ಯಾಬಿನಲ್ಲಿ. ಪೂರ್ತಿ ಮಾಮೂಲಿಗೆ ಬಂದು ಚಿಕಿತ್ಸೆ ನಿಲ್ಲಿಸಿದ ಮೇಲೂ ಹಾಗೇ ಉಳಿದರೆ ಕೊರತೆಯೇ. ಅರ್ಧ ಇಳಿದು ನಿಂತರೆ ಎಕ್ಸೋಮ್ ಪರೀಕ್ಷೆ (ಜೀನ್‌ಗಳನ್ನು ಒಟ್ಟಿಗೆ ಓದುವುದು). ಅಪಾಯಿಂಟ್‌ಮೆಂಟ್ ರದ್ದು ಮಾಡಬೇಡಿ. ಸರ್ಕಾರಿ ಕಡೆ ನೋಡುವುದಾದರೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ. ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಜೊತೆ ಸೇರಿ ಅದು 2021ರ ಅಪರೂಪದ ಕಾಯಿಲೆಗಳ ನೀತಿಯಡಿ ಗುರುತಿಸಿದ ಕೇಂದ್ರ.

ಇಂಜೆಕ್ಷನ್ ಶುರುವಾದ ಮೊದಲ ದಿನಗಳಲ್ಲಿ ಕೆಲವು ಮಕ್ಕಳಿಗೆ ಕೈಕಾಲು, ನಾಲಿಗೆ ನಡುಗಬಹುದು. ಬಿ12 ಆಗಿಬರಲಿಲ್ಲ ಅಂತ ನೀವಾಗಿಯೇ ನಿಲ್ಲಿಸಬೇಡಿ. ವಿಡಿಯೋ ಮಾಡಿಕೊಂಡು ಅವತ್ತೇ ಡಾಕ್ಟರಿಗೆ ತೋರಿಸಿ, ಫಿಟ್ಸ್ ಹೌದೋ ಅಲ್ಲವೋ ಅಂತ ಅವರು ನೋಡಲಿ.