ಗಲ್ಲದ ಮ್ಯಾಲಿನ ಮೊಡವಿ ಹೋಗವಲ್ಲವು, ಮೂಗಿನ ಮ್ಯಾಲಿನ ಚರ್ಮದ ತೂತು ಮುಚ್ಚವಲ್ಲವು – ಏನ್ ಮಾಡ್ಬೇಕು?

ನವನಗರ_ಹುಬ್ಬಳ್ಳಿ:
ಅಣ್ಣಾರ, ಅಕ್ಕಾರ, ತಂಗಿಗೆ 22 ವರ್ಷ. ಗಲ್ಲ, ಗದ್ದದ ಮ್ಯಾಲೆ ಮೊಡವಿ, ಮೂಗಿನ ಬದಿಗೆ ಚರ್ಮದ ಸಣ್ಣ ತೂತು (ರಂಧ್ರ) ದೊಡ್ಡವಾಗಿ ಕಾಣ್ತಾವು. ದಿನಾ ಹಬೆ ತಗೊಂಡು ಐಸ್ ಇಡ್ತಾಳ, ಲಿಂಬಿಹಣ್ಣು-ಸಕ್ಕರಿ ತಿಕ್ತಾಳ. ಮೆಡಿಕಲ್‌ನ್ಯಾಗ ಕೊಟ್ಟ ಕ್ರೀಮ್ ಎರಡು ತಿಂಗಳಿಂದ ಹಚ್ಚಾಕತ್ತಾಳ. ಮೊದಲು ಬೆಳ್ಳಗಾತು, ಈಗ ಬಿಸಿಲಿಗೆ ಹೋದ್ರ ಕೆಂಪಗಾಗಿ ಉರಿತೈತಿ. ತೂತು ಮುಚ್ಚಾಕ ಏನರ ಐತೇನ್ರಿ?

ಗದಗ_ಫಾರ್ಮಸಿ:
ತೂತಿನ ಮಾತು ಆಮ್ಯಾಲೆ. ಮೊದಲು ಟ್ಯೂಬಿನ ಹಿಂದಿನ ಸಣ್ಣ ಅಕ್ಷರ ಓದ್ರಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸೋಲ್ – ಇದ್ರಾಗ ಯಾವ್ದಿದ್ರೂ ಅದು ಸ್ಟೆರಾಯ್ಡ್, ಅಂದ್ರ ಬಾವು ಇಳಿಸೋ ಜೋರಿನ ಔಷಧ. ಮೊದಲ ವಾರ ಕೆಂಪು, ಬಾವು ಇಳಿದು ಮುಖ ತಿಳಿಯಾಗಿ ಕಾಣ್ತೈತಿ, ಅದಕ್ಕ ಜನ ಬಿಡಂಗಿಲ್ಲ. ಆಮ್ಯಾಲೆ ಚರ್ಮ ತೆಳುವಾಗಿ ಕೆಂಪು ನರ ಎದ್ದು ಕಾಣ್ತಾವು, ಕೂದಲು ಬೆಳೀತಾವು, ಒಂದೇ ಅಳತಿಯ ಗುಳ್ಳಿ ಸಾಲಾಗಿ ಏಳ್ತಾವು. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಮೂರೂ ಕೂಡಿಸಿದ್ದು ಬಂಗಿಗೆ (ಮುಖದ ಮ್ಯಾಲಿನ ಕಂದು ಕಲಿಗೆ) ಡಾಕ್ಟರ್ ಸ್ವಲ್ಪ ದಿನಕ್ಕಷ್ಟ ಬರೆಯೋ ಕ್ರೀಮ್, ಮೊಡವಿಗಲ್ಲ. ಚೀಟಿ ಇಲ್ಲದ ಇಂಥವು ಮಾರಬಾರದು.

ಸತ್ತೂರು_ಸ್ಕಿನ್:
ತೂತಿಗೆ ಬಾಗಿಲಿಲ್ಲ, ತೆರೆದು ಮುಚ್ಚೋ ಸ್ನಾಯುನೂ ಇಲ್ಲ. ಹಬೆ ತೆರೆಯಂಗಿಲ್ಲ, ಐಸ್ ಮುಚ್ಚಂಗಿಲ್ಲ. ಒಳಗ ಜಿಡ್ಡು, ಸತ್ತ ಚರ್ಮ ತುಂಬಿದ್ರ ಅಗಲಾಗಿ ಕಾಣ್ತೈತಿ. ಬಿಸಿಲಿಗೆ ಕೊಲಾಜನ್ (ಚರ್ಮ ಬಿಗಿ ಹಿಡಿಯೋ ನಾರು) ಹಾಳಾದ್ರ ಅಂಚು ಸಡಿಲಾಕ್ಕೈತಿ. ಕಡಿಮಿ ಕಾಣಂಗ ಮಾಡಬಹುದು, ಅಳಿಸಾಕ ಆಗಂಗಿಲ್ಲ.

ಚರ್ಮ ಶಾಂತ ಆದ ಮ್ಯಾಲೆ ಅಡಾಪಲೀನ್ 0.1% ಜೆಲ್. ರಾತ್ರಿ ಮುಖ ತೊಳೆದು, ಪೂರ್ತಿ ಒಣಗಾಕ 20 ನಿಮಿಷ ಬಿಟ್ಟು, ಇಡೀ ಮುಖಕ್ಕ ಕಡ್ಲಿಕಾಳಿನಷ್ಟು. ಗುಳ್ಳಿ ಇದ್ದಲ್ಲೆಷ್ಟ ಚುಕ್ಕಿ ಇಡಬ್ಯಾಡ್ರಿ, ಹೊಸ ಗುಳ್ಳಿ ಏಳದಂಗ ತಡೆಯೋದು ಅದರ ಕೆಲಸ. ಕಣ್ಣು, ತುಟಿ, ಮೂಗಿನ ಸಂದಿ ಬಿಡ್ರಿ. ಮೊದಲ ಎರಡು ವಾರ ಮೂರು ದಿನಕ್ಕೊಮ್ಮೆ, ಆಮ್ಯಾಲೆ ದಿನ ಬಿಟ್ಟು ದಿನ. ಮೊದಲ ತಿಂಗಳು ಸಿಪ್ಪಿ ಏಳ್ತೈತಿ, ಮೊಡವಿನೂ ಒಂದೀಟು ಹೆಚ್ಚಾಗಬಹುದು. ಅಲ್ಲೇ ಎಲ್ಲಾರೂ ಕೈಬಿಡ್ತಾರ. ಫಲ ಕಾಣಾಕ 12 ವಾರ ಬೇಕು. ಬಸುರಿ ಇದ್ರ, ಆಗೋ ವಿಚಾರ ಇದ್ರ ಹಚ್ಚಬಾರದು.

ಕೀವಿನ ಗುಳ್ಳಿಗೆ ಮುಂಜಾನೆ ಬೆಂಜಾಯಿಲ್ ಪೆರಾಕ್ಸೈಡ್ 2.5%. ಇದು ಬಟ್ಟಿ ಬಣ್ಣ ತಿಂತೈತಿ. ಖಣದ ಕುಪ್ಪಸ, ಬಣ್ಣದ ಟವಲ್ ಹತ್ರ ತರಬ್ಯಾಡ್ರಿ. ಕ್ಲಿಂಡಾಮೈಸಿನ್ ಅನ್ನೋ ಆಂಟಿಬಯಾಟಿಕ್ ಒಂದ ಹಚ್ಚಿದ್ರ ಬ್ಯಾಕ್ಟೀರಿಯಾ ಮದ್ದಿಗೆ ಬಗ್ಗದಂಗ ಆಗ್ತಾವು, ಪೆರಾಕ್ಸೈಡ್ ಜೋಡಿನ ಬೇಕು. ಹಗಲು ಎಸ್‌ಪಿಎಫ್ 30 ಜೆಲ್ ಸನ್‌ಸ್ಕ್ರೀನ್, ಎರಡು ಬೆರಳುದ್ದ. ಲಿಂಬಿಹಣ್ಣಿನ ಆಮ್ಲ ಸುಡ್ತೈತಿ, ಸಕ್ಕರಿ ಹರಳು ಗೀರತಾವು, ಎರಡೂ ಇವತ್ತ ನಿಲ್ಲಿಸ್ರಿ.

ಹಾವೇರಿ_ಅಕ್ಕ:
ತಲಿಗೆ ಹಚ್ಚಿದ ಕೊಬ್ಬರಿ ಎಣ್ಣಿ ಹಣಿಗೆ ಇಳಿದ್ರೂ ರಂಧ್ರ ಕಟ್ತೈತಿ. ಹಣಿ ಮ್ಯಾಲಿನ ಸಣ್ಣ ಗುಳ್ಳಿ ತುರಿಸಿದ್ರ ಫಂಗಸ್ ಇರಬಹುದು, ಅದರ ಔಷಧ ಬ್ಯಾರೆ. ಗದ್ದದಾಗ ಹೆಚ್ಚು ಮೊಡವಿ, ಮುಟ್ಟು ಹಿಂದುಮುಂದು, ಮೀಸಿ ಕೂದಲು – ಮೂರೂ ಇದ್ರ ಪಿಸಿಓಎಸ್ (ಹೆಣ್ಮಕ್ಕಳ ಹಾರ್ಮೋನ್ ಏರುಪೇರಿನ ತೊಂದ್ರಿ) ತಪಾಸಣಿ ಮಾಡಿಸ್ರಿ.

ನವನಗರ_ಹುಬ್ಬಳ್ಳಿ:
ಟ್ಯೂಬ್ ನೋಡಿದ್ನಿರಿ, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಮೂರೂ ಕೂಡಿದ್ದ ಐತಿ. ಇವತ್ತ ಬಿಟ್ಟು ನಾಳಿಂದ ಅಡಾಪಲೀನ್ ಹಚ್ಚಲೇನ್ರಿ?

ಗದಗ_ಫಾರ್ಮಸಿ:
ಬ್ಯಾಡ್ರಿ. ಸ್ಟೆರಾಯ್ಡ್ ಬಿಟ್ಟ ಕೂಡ್ಲೆ ಉರಿ, ಕೆಂಪು, ಗುಳ್ಳಿ ಒಮ್ಮೆಲೆ ಏಳ್ತಾವು; ಅದರ ಮ್ಯಾಲೆ ಅಡಾಪಲೀನ್ ಬಿದ್ರ ಸುಟ್ಟಂಗ ಆಕ್ಕೈತಿ. ಉರಿ ತಡಿಲಾರದ ಮತ್ತ ಅದೇ ಟ್ಯೂಬ್ ಹಿಡಿತಾರ, ಅಲ್ಲೇ ಸಿಕ್ಕೊಳ್ಳೋದು. ಸದ್ಯ ವಾಸನಿ ಇಲ್ಲದ ಮೆತ್ತನ ಫೇಸ್‌ವಾಶ್ ದಿನಕ್ಕೆರಡು ಸಲ, ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಇಷ್ಟ. ಈ ವಾರದಾಗ ವಿದ್ಯಾನಗರದ ಸರ್ಕಾರಿ ಆಸ್ಪತ್ರಿ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಚರ್ಮರೋಗ ಓಪಿಡಿಗೆ ಕರ್ಕೊಂಡು ಹೋಗ್ರಿ. ಟ್ಯೂಬು, ಅದರ ಡಬ್ಬಿ ಎರಡೂ ಒಯ್ಯಿರಿ. ಯಾವ ಸ್ಟೆರಾಯ್ಡ್, ಎಷ್ಟು ಪ್ರಮಾಣ ನೋಡಿ, ಒಮ್ಮೆಲೆ ಬಿಡಬೇಕೋ ಇಳಿಸಿಕೊಂತ ಬಿಡಬೇಕೋ ಅವರು ಹೇಳ್ತಾರ.