ಪದಚರ್ಚೆ: ‘ಹದಿನೆಂಟರಾಗ ಬಿದ್ದಾಳ’ ಅಂದರೆ ಎಷ್ಟು ವಯಸ್ಸು?

ಪ್ರಶ್ನೆ (ಗಂಗಾವತಿಯಿಂದ)

ಬಲ್ಲವರಿಗೆ ನಮಸ್ಕಾರ. ಫೋನಿನಲ್ಲಿ ಪರಿಚಯವಾದವರ ವಯಸ್ಸು ಖಾತ್ರಿ ಇಲ್ಲದಾಗ ಎದುರಾಗುವ ಕಾನೂನಿನ ತೊಡಕುಗಳ ಬಗ್ಗೆ ಕಾಲೇಜು ಹುಡುಗರಿಗೆ ಒಂದು ಕರಪತ್ರ ಸಿದ್ಧವಾಗುತ್ತಿದೆ. ಕರಡಿನಲ್ಲಿ ‘ವಯಸ್ಸಿಗೆ ಬಾರದವರ ಜತೆ ಆನ್‌ಲೈನ್ ಪ್ರೇಮ ಬೇಡ’ ಎಂದಿದೆ. ಕೆಲವರು ಅದನ್ನು ‘ಅಪ್ರಾಪ್ತ ವಯಸ್ಕರು’ ಎಂದು ತಿದ್ದಲು ಹೇಳುತ್ತಾರೆ. ಅಪ್ರಾಪ್ತ ಎಂದಮೇಲೆ ವಯಸ್ಕ ಹೇಗೆ? ಯಾವುದನ್ನು ಇಡೋಣರಿ?

ಉತ್ತರ (ರಾಯಚೂರಿನಿಂದ)

ವ್ಯಾಕರಣದಲ್ಲಿ ದೋಷವಿಲ್ಲರಿ. ‘ಅಪ್ರಾಪ್ತವಯಸ್ಕ’ ಬಹುವ್ರೀಹಿ ಸಮಾಸ. ತಕ್ಕ ವಯಸ್ಸು ಯಾರಿಗೆ ಪ್ರಾಪ್ತವಾಗಿಲ್ಲವೋ ಅವರು. ಬಿಡಿಸಿ ಬರೆದಾಗ ಮಾತ್ರ ವಿರೋಧದಂತೆ ಕಾಣುತ್ತದೆ, ಕೂಡಿಸಿ ಬರೆಯಿರಿ.

ತೊಡಕು ಇರುವುದು ಅರ್ಥದಲ್ಲಿ. ‘ಪ್ರಾಪ್ತ’ ಎಂದರೆ ಮುಟ್ಟಿದ್ದು, ಸೇರಿದ್ದು. ನಮ್ಮ ಕಡೆಯ ಹಳೆಯ ಉರ್ದು ಕಾಗದಗಳ ‘ಬಾಲಿಗ್’ (ಪ್ರಾಪ್ತವಯಸ್ಕ) ಪದದ ಅರಬ್ಬಿ ಮೂಲಕ್ಕೂ ಮುಟ್ಟುವುದು ಎಂದೇ ಅರ್ಥ. ಏನನ್ನು ಮುಟ್ಟಿದ್ದು ಎಂಬುದನ್ನು ಎರಡೂ ಹೇಳುವುದಿಲ್ಲ. ಹಳ್ಳಿಯಲ್ಲಿ ‘ವಯಸ್ಸಿಗೆ ಬಂದಾಳ’, ‘ದೊಡ್ಡಾಕಿ ಆಗ್ಯಾಳ’ ಎಂದರೆ ಮೈನೆರೆದಿದ್ದಾಳೆ ಎಂದಷ್ಟೇ. ಆಕೆಗೆ ಹದಿಮೂರೇ ಇರಬಹುದು. ನಿಮ್ಮ ಕರಡನ್ನು ಓದಿದವನು ‘ಈಕಿ ವಯಸ್ಸಿಗೆ ಬಂದಾಕೀನ ಅಲ್ಲ?’ ಎಂದುಕೊಂಡರೆ ಕರಪತ್ರವೇ ಅವನಿಗೆ ತಪ್ಪು ದಾರಿ ತೋರಿಸಿದಂತಾಯಿತು.

ಇನ್ನೊಂದು ಮಾತು ಇದಕ್ಕಿಂತ ಅಪಾಯದ್ದು: ‘ಹದಿನೆಂಟರಾಗ ಬಿದ್ದಾಳ’, ‘ಹದಿನೆಂಟು ನಡದಾವ’. ನಮ್ಮ ಲೆಕ್ಕದಲ್ಲಿ ಅದು ಹದಿನೇಳು ತುಂಬಿ ಹದಿನೆಂಟನೆಯ ವರ್ಷ ನಡೆಯುತ್ತಿದೆ ಎಂದು. ಕಾನೂನು ನೋಡುವುದು ತುಂಬಿದ ವರ್ಷವನ್ನು. ಚಾಟ್‌ನಲ್ಲಿ ಆಕೆ ‘18’ ಎಂದು ಸುಳ್ಳಾಡದೆಯೇ ಬರೆದಿರಬಹುದು, ಓದಿದವನು ತುಂಬಿದೆ ಎಂದು ತಿಳಿದಿರಬಹುದು. ಹುಟ್ಟಿದ ತಾರೀಖಿನಿಂದ ಎಣಿಸಿದರೆ ಆಕೆ ಇನ್ನೂ ಮಗುವೇ. ಹೌದು, ‘ಮಗು’. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಪೋಕ್ಸೋ ಕಾಯ್ದೆಯಲ್ಲೂ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ 18 ತುಂಬದ ಎಲ್ಲರೂ ಮಕ್ಕಳೇ. ಗಂಡು ಹೆಣ್ಣೆಂಬ ಭೇದವಿಲ್ಲ. ಪತ್ರಿಕೆಗಳ ‘ಅಪ್ರಾಪ್ತೆ’ ಹುಡುಗರನ್ನು ಹೊರಗಿಡುತ್ತದೆ, ಅದೂ ಬೇಡ.

‘ಇಬ್ಬರ ಒಪ್ಪಿಗೆ’ ಎಂಬ ಮಾತು ಕರಪತ್ರದಲ್ಲಿ ಇದ್ದರೆ ಅದನ್ನೂ ತೆಗೆಯಿರಿ. 18 ತುಂಬದವರು ‘ಹೂಂ’ ಅಂದರೂ ಅದು ಕಾನೂನಿನ ಸಮ್ಮತಿಯಲ್ಲ. ‘ಭೇಟಿಯೇ ಆಗಿಲ್ಲ’ ಎಂಬ ಸಮಜಾಯಿಷಿಯೂ ನಿಲ್ಲದು. ಲೈಂಗಿಕ ಉದ್ದೇಶದಿಂದ ಮಕ್ಕಳನ್ನು ಆನ್‌ಲೈನ್ ಸಂಬಂಧಕ್ಕೆ ಪುಸಲಾಯಿಸುವುದೇ ಐಟಿ ಕಾಯ್ದೆಯ ಕಲಂ 67ಬಿ ಅಡಿ ಅಪರಾಧ. ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ‘ಪುಸಲಾಯಿಸು’ ಇಲ್ಲಿ ಒಳ್ಳೆಯ ಪದ. ಪೊಲೀಸ್ ಠಾಣೆಯ ಕಾಗದಗಳಲ್ಲೂ ಇದೆ, ಮನೆಮಾತಿನಲ್ಲೂ ಇದೆ. ಮನೆಯವರ ಸುಪರ್ದಿನಿಂದ ಪುಸಲಾಯಿಸಿ ಕರೆದೊಯ್ದರೆ ಅಪಹರಣದ ಕಲಂ ಬೇರೆ ಸೇರುತ್ತದೆ.

‘ಪ್ರೊಫೈಲಿನಲ್ಲಿ 19 ಇತ್ತು’ ಎಂಬುದನ್ನು ನಂಬಿ ಕೂರುವಂತಿಲ್ಲ. ಅದು ಬರೆದವರು ಬರೆದುಕೊಂಡದ್ದು. ಪೋಕ್ಸೋದ ಕಲಂ 30 ಆರೋಪಿಗೆ ಅಪರಾಧದ ಮನಸ್ಸಿತ್ತೆಂದು ಮೊದಲೇ ಭಾವಿಸುತ್ತದೆ, ಇರಲಿಲ್ಲ ಎಂಬುದನ್ನು ಸಂಶಯಕ್ಕೆಡೆ ಇಲ್ಲದಂತೆ ತೋರಿಸುವ ಹೊರೆ ಅವನದೇ. ವಯಸ್ಸಿನ ತಕರಾರು ಬಂದಾಗ ಬಾಲನ್ಯಾಯ ಕಾಯ್ದೆಯ ಕಲಂ 94ರ ಕ್ರಮ ಹೀಗೆ: ಮೊದಲು ಶಾಲೆಯ ಜನ್ಮದಿನಾಂಕ ಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪತ್ರ, ಎರಡೂ ಇಲ್ಲದಾಗ ಮಾತ್ರ ಎಲುಬಿನ ಪರೀಕ್ಷೆ. ಶಾಲೆಗೆ ಸೇರಿಸುವಾಗ ಅಂದಾಜಿಗೆ ಜೂನ್ 1 ಎಂದು ಬರೆಸಿದ್ದರೂ ಮೊದಲು ನೋಡುವುದು ಆ ತಾರೀಖನ್ನೇ. ‘ನಿಜವಾಗಿ ಒಂದು ವರ್ಷ ದೊಡ್ಡಾಕಿ’ ಎಂಬ ಬಾಯಿಮಾತಿಗೆ ಬೆಲೆ ಕಡಿಮೆ.

ಸೇರಿಕೆ (ಬಳ್ಳಾರಿಯಿಂದ)

ಒಂದು ಪದ ಸೇರಿಸುತ್ತೇನೆ. ‘ಮಕ್ಕಳ ಅಶ್ಲೀಲ ಚಿತ್ರ’ ಎಂದು ಬರೆಯಬೇಡಿ. ‘ಅಶ್ಲೀಲ’ ಎಂದಾಗ ಕಳಂಕ ಮಗುವಿಗೇ ಅಂಟುತ್ತದೆ. ಇಂಗ್ಲಿಷಿನಲ್ಲೂ ಅಂಥ ಪದ ಬಿಟ್ಟು ಶೋಷಣೆ, ದೌರ್ಜನ್ಯ ಎಂಬರ್ಥದ ಪದ ಬಳಸಿ ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್ 23ರಂದು ಹೇಳಿದೆ. ‘ಮಕ್ಕಳ ಲೈಂಗಿಕ ಶೋಷಣೆಯ ಚಿತ್ರ’ ಎನ್ನಬಹುದು. ಅಂಥದ್ದನ್ನು ಕೇಳುವುದು, ಇಟ್ಟುಕೊಳ್ಳುವುದು, ಇನ್ನೊಬ್ಬರಿಗೆ ಕಳಿಸುವುದು ಯಾವುದೂ ಕೂಡದು. ತಾನಾಗಿ ಬಂದರೆ ಯಾರಿಗೂ ತೋರಿಸದೆ ಮಕ್ಕಳ ಸಹಾಯವಾಣಿ 1098 ಅಥವಾ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಬೇಕು. ಕರೆ ಮಾಡಲು ಅಂಜುವವರಿಗೆ ಉಚಿತ ಕಾನೂನು ನೆರವಿನ 15100 ಕೂಡ ಇರಲಿ.

ಕರಪತ್ರದ ಸಾಲಿಗೆ ನನ್ನ ಸಲಹೆ: ‘18 ವರ್ಷ ಪೂರ್ತಿ ತುಂಬಿದೆ ಎಂದು ಖಾತ್ರಿ ಇಲ್ಲದವರ ಜತೆ ಪ್ರೇಮದ ಮಾತು, ಫೋಟೊ ಕೇಳುವುದು, ಒಂಟಿ ಭೇಟಿ ಬೇಡ.’ ‘ಪೂರ್ತಿ ತುಂಬಿದೆ’ ಎಂಬುದನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ.